ಹಳೆಯ ಆಫೀಸ್ ಕಂಪ್ಯೂಟರಿಗೆ ಹೊಂದುವ ವಿಡಿಯೊ ಕಾರ್ಡ್ ಹುಡುಕಿದ ಕಥೆ

2024ರ ಮೇ ತಿಂಗಳ ಕೊನೆಯಲ್ಲಿ ಶಿರಸಿಯ ನಮ್ಮ ಮನೆಗೆ 43 ಇಂಚಿನ 4ಕೆ ಟಿವಿ ಬಂದದ್ದೇ ತಡ, ಅಲ್ಲಿಯವರೆಗೆ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ಕೆಲಸ ಮಾಡಿಕೊಂಡಿದ್ದ ಜಗುಲಿಯ ಕಂಪ್ಯೂಟರಿಗೆ ಒಮ್ಮೆಲೇ ವಯಸ್ಸಾಯಿತು. ಅಣ್ಣನ ಮಗನ ಉಪನಯನದ ವಿಡಿಯೊವನ್ನು ಚಿತ್ರೀಕರಣ ಮಾಡಿದವರು ಪೆನ್‌ಡ್ರೈವಿನಲ್ಲಿ 4ಕೆ ಕಡತವಾಗಿ ಕೊಟ್ಟಿದ್ದರು. ಜೊತೆಗೆ ಕತ್ತರಿಸಿ ಜೋಡಿಸದ ಕೆಲವು ಮೂಲ ತುಣುಕುಗಳೂ ಇದ್ದವು. ಮನೆಮಂದಿಯೆಲ್ಲ ಕೂತ ಮೇಲೆ ಅದನ್ನು ಹಾಕಿದರೆ ಮಂತ್ರ ಸರಾಗವಾಗಿ ಕೇಳಿಸುತ್ತಿತ್ತು, ವಟು ಮಾತ್ರ ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದ. ಮೂರ್ನಾಲ್ಕು ಸೆಕೆಂಡಿಗೊಮ್ಮೆ ಚಿತ್ರ ಜಿಗಿದು ಮುಂದಕ್ಕೆ ಬೀಳುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಕ್ಯಾಬಿನೆಟ್ಟಿನ ಫ್ಯಾನು ಮಿಕ್ಸರಿನಂತೆ ಕೂಗುತ್ತಿತ್ತು.

ಪೆನ್‌ಡ್ರೈವನ್ನು ನೇರವಾಗಿ ಟಿವಿಗೇ ಚುಚ್ಚಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಆ ಒಂದು ಕಡತಕ್ಕೆ ಸಾಕು. ಆದರೆ ನಮ್ಮ ಮನೆಯಲ್ಲಿ ಕಂಪ್ಯೂಟರ್ ಇರುವುದೇ ಅಪ್ಪಯ್ಯನ ಯಕ್ಷಗಾನ ಸಂಗ್ರಹಕ್ಕಾಗಿ. ಇಪ್ಪತ್ತು ವರ್ಷಗಳಿಂದ ಕೂಡಿಸಿಟ್ಟ ಡಿವಿಡಿಗಳನ್ನೆಲ್ಲ 2 ಟೆರಾಬೈಟ್ ಡಿಸ್ಕಿಗೆ ಇಳಿಸಿ, ಕೋಡಿ ಎಂಬ ತಂತ್ರಾಂಶದಲ್ಲಿ ಪ್ರಸಂಗ, ಮೇಳ, ಭಾಗವತರ ಹೆಸರುಗಳೊಂದಿಗೆ ಜೋಡಿಸಿದ್ದೇನೆ. ಡಿವಿಡಿಯ ಆ ಕಡತಗಳನ್ನು ಟಿವಿ ಓದುವುದಿಲ್ಲ, ಹುಡುಕಿ ಕೊಡುವುದಂತೂ ದೂರದ ಮಾತು. ಹಾಗಾಗಿ ಕಂಪ್ಯೂಟರನ್ನು ತೆಗೆದಿಡುವ ಪ್ರಶ್ನೆ ಇರಲಿಲ್ಲ. ಅದನ್ನು ಹೊಸ ಟಿವಿಗೆ ತಕ್ಕಂತೆ ಸಜ್ಜುಗೊಳಿಸಬೇಕಿತ್ತು.

ಯಂತ್ರದ ವಿವರ ಇಷ್ಟು. ಯಾವುದೋ ಕಚೇರಿಯಿಂದ ಹೊರಬಿದ್ದು, ದುರಸ್ತಿಯಾಗಿ ಮಾರಾಟಕ್ಕೆ ಬಂದ ಸಣ್ಣ ಕ್ಯಾಬಿನೆಟ್ಟಿನ ಡೆಸ್ಕ್‌ಟಾಪ್. 2012ರ ಇಂಟೆಲ್ ಕೋರ್ ಐ5-3470 ಪ್ರೊಸೆಸರ್, 8 ಜಿಬಿ ರ್‍ಯಾಮ್, ಒಳಗಿನ ಭಾಗಗಳಿಗೆ ಕರೆಂಟು ಹಂಚುವ 240 ವ್ಯಾಟಿನ ಎಸ್‌ಎಂಪಿಎಸ್, ವಿಂಡೋಸ್ 10. ಹಿಂಬದಿಯಲ್ಲಿ ಒಂದು ವಿಜಿಎ ಮತ್ತು ಎರಡು ಡಿಸ್‌ಪ್ಲೇಪೋರ್ಟ್. ಎಚ್‌ಡಿಎಂಐ ಇಲ್ಲವೇ ಇಲ್ಲ. ಹಳೆಯ ಟಿವಿಗೆ ಒಂದು ಸಣ್ಣ ಪರಿವರ್ತಕ ಸಿಕ್ಕಿಸಿ ನಡೆಸಿದ್ದೆವು.

ರೋಗ ಯಾವುದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವಿಡಿಯೊ ಓಡುತ್ತಿರುವಾಗ ಕೀಲಿಮಣೆಯ ಓ ಅಕ್ಷರ ಒತ್ತಿದರೆ ಕೋಡಿ ಒಂದು ಮಾಹಿತಿ ಪಟ್ಟಿ ತೋರಿಸುತ್ತದೆ. ಅಲ್ಲಿ ‘ಎಫ್‌ಎಫ್-ಎಚ್‌ಇವಿಸಿ’ ಎಂಬುದರ ಮುಂದೆ ಕಂಸದಲ್ಲಿ ‘ಎಸ್‌ಡಬ್ಲ್ಯು’ ಎಂದಿತ್ತು. ಅಂದರೆ ಎಚ್‌ಇವಿಸಿ ವಿಧಾನದಲ್ಲಿ ಅಡಕ ಮಾಡಿದ ಚಿತ್ರವನ್ನು ಬಿಡಿಸುವ ಕೆಲಸ ಗ್ರಾಫಿಕ್ಸ್ ಭಾಗದಲ್ಲಿ ನಡೆಯದೆ, ಪೂರ್ತಿಯಾಗಿ ಪ್ರೊಸೆಸರಿನ ತಲೆಯ ಮೇಲೆ ಬಿದ್ದಿದೆ. ನಾಲ್ಕೂ ಕೋರುಗಳು ನೂರಕ್ಕೆ ನೂರು ದುಡಿಯುತ್ತಿದ್ದವು. ಐ5-3470ರ ಒಳಗಿರುವ ಎಚ್‌ಡಿ ಗ್ರಾಫಿಕ್ಸ್ 2500ಕ್ಕೆ ಹಿಂದಿನ ವಿಧಾನವಾದ ಎಚ್.264 ಬಿಡಿಸುವ ಸರ್ಕೀಟು ಇದೆ, ಎಚ್‌ಇವಿಸಿಗೆ ಇಲ್ಲ. ಇರುವುದಾದರೂ ಹೇಗೆ? ಚಿಪ್ಪು ಮಾರುಕಟ್ಟೆಗೆ ಬಂದದ್ದು 2012ರಲ್ಲಿ, ಎಚ್‌ಇವಿಸಿ ಮಾನಕ ಅಂಗೀಕಾರವಾದದ್ದು 2013ರಲ್ಲಿ.

ಮೊದಲ ತಪ್ಪು

ಹಾಗಾದರೆ ಒಂದು ವಿಡಿಯೊ ಕಾರ್ಡ್ ಹಾಕಿದರಾಯಿತು ಎಂದುಕೊಂಡು, ಬೇರೆ ಕೆಲಸಕ್ಕೆ ಹುಬ್ಬಳ್ಳಿಗೆ ಹೋದಾಗ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಸಣ್ಣ ಕ್ಯಾಬಿನೆಟ್ಟು ಎಂದಷ್ಟೇ ಹೇಳಿದ್ದೆ. “ಇದು ತಗೊಳ್ರಿ ಸರ್, ಎರಡು ಜಿಬಿ ಐತಿ, ಎಚ್‌ಡಿಎಂಐ ಐತಿ, ಫೋರ್ ಕೆ ಅಂತ ಡಬ್ಬಿ ಮ್ಯಾಲೇ ಬರದೈತಿ ನೋಡ್ರಿ” ಎಂದು ಒಂದು ಬಳಸಿದ ಜಿಟಿ 710 ಕಾರ್ಡನ್ನು ಮುಂದಿಟ್ಟರು. ಸಾವಿರದ ಆರುನೂರು ರೂಪಾಯಿ. ಡಬ್ಬಿಯ ಮೇಲೆ ನಿಜಕ್ಕೂ ಹಾಗೆಯೇ ಬರೆದಿತ್ತು. ನಾನು ಅದನ್ನು ಓದಿದೆನೇ ಹೊರತು ಅದರ ಅರ್ಥ ವಿಚಾರಿಸಲಿಲ್ಲ.

ಮನೆಗೆ ತಂದು ಹಾಕಿದೆ. ಕಾರ್ಡ್ ಸ್ಲಾಟಿನಲ್ಲಿ ಕೂತಿತು, ಟಿವಿಯಲ್ಲಿ 3840×2160 ಚಿತ್ರವೂ ಬಂತು. ಆದರೆ ಮೌಸಿನ ಬಾಣ ಜೇನಿನಲ್ಲಿ ಬಿದ್ದ ಇರುವೆಯಂತೆ ತೆವಳುತ್ತಿತ್ತು. ಜಿಟಿ 710ರಲ್ಲಿರುವುದು ಎಚ್‌ಡಿಎಂಐ 1.4, ಅದರ ಒಟ್ಟು ವೇಗ ಸೆಕೆಂಡಿಗೆ 10.2 ಗಿಗಾಬಿಟ್. ಅದರಲ್ಲಿ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಕಳಿಸಲಷ್ಟೇ ಸಾಧ್ಯ, 60 ಸಲ ಕಳಿಸಲು ಎಚ್‌ಡಿಎಂಐ 2.0ರ 18 ಗಿಗಾಬಿಟ್ ಬೇಕು. ಉಪನಯನದ ವಿಡಿಯೊ ಹಾಕಿ ಓ ಒತ್ತಿದರೆ ಮತ್ತದೇ ‘ಎಸ್‌ಡಬ್ಲ್ಯು’. 2016ರಲ್ಲಿ ಬಂದ ಹೆಸರಾದರೂ ಒಳಗಿರುವುದು ಅದಕ್ಕಿಂತ ಹಿಂದಿನ ಕೆಪ್ಲರ್ ತಲೆಮಾರಿನ ಚಿಪ್ಪು, ಅದಕ್ಕೂ ಎಚ್‌ಇವಿಸಿ ಬಿಡಿಸಲು ಬಾರದು. ಡಬ್ಬಿಯ ಮೇಲಿನ 4ಕೆ ಎಂದರೆ ಅಷ್ಟು ದೊಡ್ಡ ಪರದೆಗೆ ಚಿತ್ರ ಕಳಿಸಬಲ್ಲದು ಎಂದರ್ಥ. ಆ ಅಳತೆಯ ಸಿನಿಮಾವನ್ನು ಬಿಡಿಸಬಲ್ಲದು ಎಂದಲ್ಲ. ಇನ್ನು 2 ಜಿಬಿ ಎಂಬುದು ನನ್ನ ಪ್ರಶ್ನೆಗೆ ಸಂಬಂಧವೇ ಇಲ್ಲದ ಉತ್ತರವಾಗಿತ್ತು. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಕೇಳಬೇಕಾದ್ದನ್ನು ಕೇಳದೆ ತಂದವನು ನಾನೇ ಆದ್ದರಿಂದ ನಾನೂ ಹೆಚ್ಚು ಒತ್ತಾಯಿಸಲಿಲ್ಲ.

ಆ ಖರ್ಚಿನಿಂದ ಒಂದು ಉಪಕಾರವಾಯಿತು. ಕ್ಯಾಬಿನೆಟ್ ಹೇಗೂ ತೆರೆದಿತ್ತು. ಒಳಗೆ ಏನು ಹಿಡಿಸುತ್ತದೆ ಎಂಬುದನ್ನು ಈ ಸಲ ಅಳತೆಪಟ್ಟಿ ಹಿಡಿದೇ ನೋಡಿದೆ.

ಒಳಗಿನ ಅಳತೆ, ಒಳಗಿನ ಕರೆಂಟು

ದೊಡ್ಡ ಕ್ಯಾಬಿನೆಟ್ಟಿಗೆ ಹಾಕುವ ಕಾರ್ಡಿನ ಲೋಹದ ಬ್ರಾಕೆಟ್ ಸುಮಾರು 12 ಸೆಂಟಿಮೀಟರ್ ಎತ್ತರ ಇರುತ್ತದೆ. ನನ್ನದರಂಥ ಸಪೂರ ಕ್ಯಾಬಿನೆಟ್ಟಿಗೆ ಸುಮಾರು 8 ಸೆಂಟಿಮೀಟರಿನ ಗಿಡ್ಡ ಬ್ರಾಕೆಟ್ ಬೇಕು. ಇದಕ್ಕೆ ಲೋ ಪ್ರೊಫೈಲ್ ಎನ್ನುತ್ತಾರೆ. ಬ್ರಾಕೆಟ್ ಗಿಡ್ಡ ಇದ್ದರೆ ಸಾಲದು, ಕಾರ್ಡಿನ ಹಸಿರು ಹಲಗೆಯೂ ಗಿಡ್ಡ ಇರಬೇಕು. ದೊಡ್ಡ ಹಲಗೆಗೆ ಗಿಡ್ಡ ಬ್ರಾಕೆಟ್ ಕಟ್ಟಿದರೆ ಮುಚ್ಚಳ ಮುಚ್ಚುವುದಿಲ್ಲ. ಉದ್ದದಲ್ಲಿ ನನಗೆ 17 ಸೆಂಟಿಮೀಟರ್ ಸಿಕ್ಕಿತು, ಅದರಾಚೆ ಡಿಸ್ಕಿನ ತಟ್ಟೆ ಅಡ್ಡ ಬರುತ್ತಿತ್ತು.

ನಿಜವಾದ ತೊಡಕಿದ್ದದ್ದು ದಪ್ಪದಲ್ಲಿ. ಮದರ್‌ಬೋರ್ಡಿನಲ್ಲಿ ಎರಡು ಉದ್ದನೆಯ ಸ್ಲಾಟುಗಳಿವೆ. ನೋಡಲು ಒಂದೇ ಥರ ಇದ್ದರೂ ಒಂದಕ್ಕೆ 16 ಲೇನು, ಅಂದರೆ ಮಾಹಿತಿ ಸಾಗುವ ದಾರಿ, ಇನ್ನೊಂದಕ್ಕೆ 4 ಲೇನು ಮಾತ್ರ ಜೋಡಿಸಿದ್ದಾರೆ. 16 ಲೇನಿನ ಸ್ಲಾಟು ಎಸ್‌ಎಂಪಿಎಸ್ ಪೆಟ್ಟಿಗೆಯ ಮಗ್ಗುಲಲ್ಲೇ ಇದೆ. ಕಾರ್ಡಿನ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಆ ಪೆಟ್ಟಿಗೆಯ ಕಡೆಗೇ ಮುಖ ಮಾಡುವುದರಿಂದ ಒಂದು ಸ್ಲಾಟಿನ ದಪ್ಪ ದಾಟಿದರೆ ಅದು ತಗಲುತ್ತದೆ. ಫ್ಯಾನಿಲ್ಲದ, ಸದ್ದೇ ಮಾಡದ ಕಾರ್ಡ್ ತರಬೇಕೆಂಬುದು ನನ್ನ ಮೊದಲಿನ ಆಸೆ. ನಮ್ಮಲ್ಲಿ ರಾತ್ರಿ ಎಂಟರ ಮೇಲೆ ಮಳೆ ನಿಂತಿತೆಂದರೆ ಗೋಡೆ ಗಡಿಯಾರದ ಸದ್ದೂ ಕೇಳಿಸುತ್ತದೆ. ಆದರೆ ಫ್ಯಾನಿಲ್ಲದ ಕಾರ್ಡುಗಳ ಹೀಟ್‌ಸಿಂಕ್ ಸಾಮಾನ್ಯವಾಗಿ ಎರಡು ಸ್ಲಾಟಿನ ಜಾಗ ಕೇಳುತ್ತದೆ.

ಅದನ್ನು 4 ಲೇನಿನ ಸ್ಲಾಟಿಗೆ ಹಾಕಿದರೆ ಹೇಗೆ ಎಂದು ಎರಡು ದಿನ ಲೆಕ್ಕ ಹಾಕಿದೆ. ಲೇನು ಕಡಿಮೆಯಾದರೆ ಸಿನಿಮಾ ನಿಲ್ಲುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಆಟದ ಲೋಕದಿಂದ ಬಂದ ಮಾತು ಅದು. ಸಿನಿಮಾ ನೋಡುವಾಗ ಲೇನುಗಳ ಮೇಲೆ ಹೋಗುವುದು ಅಡಕವಾದ ಕಡತ ಮಾತ್ರ. 4ಕೆ ಬ್ಲೂ-ರೇ ಡಿಸ್ಕಿನ ಅತ್ಯಧಿಕ ದರವೇ ಸೆಕೆಂಡಿಗೆ 128 ಮೆಗಾಬಿಟ್, ಅಂದರೆ 16 ಮೆಗಾಬೈಟ್. ಎರಡನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ಸಿನ 4 ಲೇನುಗಳು ಸೆಕೆಂಡಿಗೆ ಸುಮಾರು 2 ಗಿಗಾಬೈಟ್ ಸಾಗಿಸುತ್ತವೆ. ಬಿಡಿಸಿದ ಚಿತ್ರ ಕಾರ್ಡಿನ ಒಳಗೇ ಉಳಿದು ಅಲ್ಲಿಂದಲೇ ಟಿವಿಗೆ ಹೋಗುತ್ತದೆ. ಆದ್ದರಿಂದ ವೇಗದ ದೃಷ್ಟಿಯಲ್ಲಿ ಆ ಸ್ಲಾಟು ಧಾರಾಳ ಸಾಕಿತ್ತು. ಕೈ ಕಟ್ಟಿದ್ದು ವಿದ್ಯುತ್ತು. ಯಂತ್ರದ ಸರ್ವಿಸ್ ಕೈಪಿಡಿಯಲ್ಲಿ ಆ ಸ್ಲಾಟಿಗೆ 25 ವ್ಯಾಟ್, ದೊಡ್ಡದಕ್ಕೆ 35 ವ್ಯಾಟ್ ಎಂದು ಬರೆದಿದ್ದರು.

ಈ 35 ವ್ಯಾಟಿನ ಮಾತು ನನಗೆ ಹೊಸದು. ಗ್ರಾಫಿಕ್ಸ್ ಕಾರ್ಡಿಗೆ ಸ್ಲಾಟಿನಿಂದಲೇ 75 ವ್ಯಾಟ್ ಸಿಗುತ್ತದೆ ಎಂದು ಎಲ್ಲ ಕಡೆ ಓದಿದ್ದೆ, ಮಾನಕದಲ್ಲಿ ಇರುವುದೂ ಅದೇ. ಆದರೆ ಮಾನಕ ಹೇಳುವುದು ಕಾರ್ಡು ಗರಿಷ್ಠ ಎಷ್ಟು ಎಳೆಯಬಹುದು ಎಂಬುದನ್ನು. 240 ವ್ಯಾಟಿನ ಎಸ್‌ಎಂಪಿಎಸ್ ಹಾಕಿ ಕಚೇರಿಗೆಂದು ಮಾಡಿದ ಸಣ್ಣ ಪೆಟ್ಟಿಗೆಯಲ್ಲಿ ತಯಾರಕರು ತಮ್ಮ ಮಿತಿಯನ್ನು ತಾವೇ ಹಾಕಿರುತ್ತಾರೆ. ಹೆಚ್ಚುವರಿ ಕರೆಂಟಿಗೆ ಬೇಕಾದ ಆರು ಪಿನ್ನಿನ ವಯರಂತೂ ಅದರಲ್ಲಿ ಇಲ್ಲ. ಮಿತಿ ಮೀರಿದ ಕಾರ್ಡುಗಳನ್ನು ಇಂಥ ಪೆಟ್ಟಿಗೆಗಳಲ್ಲಿ ವರ್ಷಗಟ್ಟಲೆ ಓಡಿಸಿದವರಿದ್ದಾರೆ. ಮಳೆಗಾಲದಲ್ಲಿ ವೋಲ್ಟೇಜು ಏರಿಳಿಯುವ ಊರಿನಲ್ಲಿ, ನಾನಿಲ್ಲದಾಗ ವಯಸ್ಸಾದ ತಂದೆ ಒಬ್ಬರೇ ಹಚ್ಚುವ ಯಂತ್ರದಲ್ಲಿ, ಆ ಪ್ರಯೋಗ ನನಗೆ ಬೇಡವಾಗಿತ್ತು.

ಯಾವುದು ಉಳಿಯಿತು

ಇಷ್ಟಾದ ಮೇಲೆ ಆಯ್ಕೆ ತಾನಾಗಿಯೇ ಕಿರಿದಾಯಿತು. ಬೇಕಾದದ್ದು: 10 ಬಿಟ್ ಎಚ್‌ಇವಿಸಿ (ಬಣ್ಣದ ಛಾಯೆಗಳು ಹೆಚ್ಚಿರುವ ರೂಪ) ಮತ್ತು ಯೂಟ್ಯೂಬ್ ಬಳಸುವ ವಿಪಿ9 ಬಿಡಿಸಬೇಕು, ಎಚ್‌ಡಿಎಂಐ 2.0 ಇರಬೇಕು, ಗಿಡ್ಡ ಹಲಗೆ, ಒಂದೇ ಸ್ಲಾಟಿನ ದಪ್ಪ, 35 ವ್ಯಾಟಿನ ಒಳಗೆ.

ಜಿಟಿಎಕ್ಸ್ 1050 ಟಿಐ ಮತ್ತು ಜಿಟಿಎಕ್ಸ್ 1650 ಎರಡೂ 75 ವ್ಯಾಟಿನವು, ಮೊದಲೇ ಹೊರಬಿದ್ದವು. ಎಎಂಡಿಯ ಆರ್‌ಎಕ್ಸ್ 550 ಕಾರ್ಡಿಗೆ 50 ವ್ಯಾಟ್, 2022ರ ಆರ್‌ಎಕ್ಸ್ 6400ಕ್ಕೆ 53. ಇಂಟೆಲ್ಲಿನ ಆರ್ಕ್ ಎ310 ನನ್ನನ್ನು ಬಹಳ ಕಾಡಿತು. ಎವಿ1 ಎಂಬ ಹೊಸ ವಿಧಾನವನ್ನೂ ಬಿಡಿಸುವ ಅಷ್ಟು ಸಣ್ಣ ಕಾರ್ಡು ಬೇರೆ ಕಾಣಲಿಲ್ಲ. ಆದರೆ ವ್ಯಾಟಿನ ಮಾತು ಬದಿಗಿಟ್ಟರೂ, ಆರ್ಕ್ ಕಾರ್ಡುಗಳಿಗೆ ರೀಸೈಜಬಲ್ ಬಾರ್ ಎಂಬ ಸೌಲಭ್ಯವಿರುವ ಮದರ್‌ಬೋರ್ಡ್ ಬೇಕೆಂದು ಇಂಟೆಲ್ಲೇ ಹೇಳುತ್ತದೆ. ಅದರ ಪಟ್ಟಿ ಶುರುವಾಗುವುದೇ ಹತ್ತನೇ ತಲೆಮಾರಿನ ಪ್ರೊಸೆಸರಿನಿಂದ. ನನ್ನದು ಮೂರನೆಯದು.

ಉಳಿದದ್ದು ಎನ್‌ವಿಡಿಯಾದ ಜಿಟಿ 1030. 2017ರ ಪ್ಯಾಸ್ಕಲ್ ತಲೆಮಾರಿನ ಕಾರ್ಡು, 30 ವ್ಯಾಟ್, ಎಚ್‌ಡಿಎಂಐ 2.0ಬಿ. 10 ಬಿಟ್ ಎಚ್‌ಇವಿಸಿ, ವಿಪಿ9 ಎರಡನ್ನೂ ಬಿಡಿಸುತ್ತದೆ, ಎವಿ1 ಬಿಡಿಸುವುದಿಲ್ಲ. ಆಟ ಆಡುವವರು ಮೂಗು ಮುರಿಯುವ ಕಾರ್ಡಿದು. ಆದರೆ ಸಿನಿಮಾ ಬಿಡಿಸುವ ಸರ್ಕೀಟಿಗೂ ಆಟ ಓಡಿಸುವ ಶಕ್ತಿಗೂ ಸಂಬಂಧವಿಲ್ಲ.

ಇಲ್ಲಿಯೂ ಒಂದು ಗುಂಡಿಯಿದೆ, ಈ ಸಲ ಬೀಳಲಿಲ್ಲ. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳಿವೆ. 2017ರದ್ದರಲ್ಲಿ ಜಿಡಿಡಿಆರ್5 ಮೆಮೊರಿ, 2018ರಲ್ಲಿ ಬಂದದ್ದರಲ್ಲಿ ಡಿಡಿಆರ್4. ಮೊದಲನೆಯದರ ಮೆಮೊರಿ ವೇಗ ಸೆಕೆಂಡಿಗೆ 48 ಗಿಗಾಬೈಟ್, ಎರಡನೆಯದರದು 16.8. ಎರಡರಲ್ಲೂ 2 ಜಿಬಿಯೇ. 4ಕೆ ಪರದೆಯನ್ನು 60 ಹರ್ಟ್ಸಿನಲ್ಲಿ ತುಂಬಲು ಮಾತ್ರವೇ ಸೆಕೆಂಡಿಗೆ ಸುಮಾರು 2 ಗಿಗಾಬೈಟ್ ಓದಬೇಕು. ಅದರ ಮೇಲೆ ಚಿತ್ರ ಬಿಡಿಸುವುದು, ಹಿಗ್ಗಿಸುವುದು, ಕೋಡಿಯ ಮೆನು ಎಲ್ಲ ಸೇರಿದರೆ 16.8 ಗಿಗಾಬೈಟ್ ಬಲು ಬೇಗ ಸವೆಯುತ್ತದೆ. ಮಾದರಿಯ ಹೆಸರಿನಲ್ಲಿ ‘ಡಿ4’ ಎಂದಿದೆಯೇ ನೋಡಿ, ಇಲ್ಲದ್ದನ್ನೇ ತರಿಸಿದೆ. ಒಂದೇ ಸ್ಲಾಟಿನ ದಪ್ಪದ, ಸಣ್ಣ ಫ್ಯಾನಿನ, ಗಿಡ್ಡ ಬ್ರಾಕೆಟ್ ಪ್ರತ್ಯೇಕವಾಗಿ ಪೊಟ್ಟಣದಲ್ಲಿಟ್ಟು ಕೊಡುವ ಮಾದರಿ. ಆರು ಸಾವಿರದ ಎಂಟುನೂರು ರೂಪಾಯಿ.

ಅಷ್ಟು ಕೊಡುವ ಬದಲು ಎಂಟನೇ ತಲೆಮಾರಿನ ಹಳೆಯ ಆಫೀಸ್ ಕಂಪ್ಯೂಟರನ್ನೇ ತರಬಹುದಿತ್ತಲ್ಲ ಎಂದು ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆ. ಅದರ ಯುಎಚ್‌ಡಿ 630 ಗ್ರಾಫಿಕ್ಸ್ 10 ಬಿಟ್ ಎಚ್‌ಇವಿಸಿ ಮತ್ತು ವಿಪಿ9 ಬಿಡಿಸುತ್ತದೆ. ಆದರೆ ಅದರ ಸ್ವಂತ ಎಚ್‌ಡಿಎಂಐ 1.4 ಆದ್ದರಿಂದ 4ಕೆಯಲ್ಲಿ 60 ಹರ್ಟ್ಸ್ ಬೇಕಾದರೆ ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐ 2.0ಗೆ ಬದಲಿಸುವ ಒಳ್ಳೆಯ ಪರಿವರ್ತಕ ಬೇಕು, ಯಂತ್ರದ ಬೆಲೆಯೂ ಕಾರ್ಡಿನ ಎರಡು ಪಟ್ಟು ಮೀರುತ್ತಿತ್ತು. ಹೊಸದಾಗಿ ಶುರುಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಇರುವುದನ್ನು ಉಳಿಸಿಕೊಳ್ಳುವವನ ಲೆಕ್ಕ ಬೇರೆ.

ಬ್ರಾಕೆಟ್, ಕೇಬಲ್ ಮತ್ತು ಎರಡು ಗಂಟೆ

ಕಾರ್ಡು ಜುಲೈ ಎರಡನೇ ವಾರದಲ್ಲಿ ಬಂತು. ಮೊದಲು ಬಯಾಸನ್ನು, ಅಂದರೆ ಯಂತ್ರ ಚಾಲೂ ಆಗುವಾಗ ಓಡುವ ಮೂಲ ತಂತ್ರಾಂಶವನ್ನು, ತಯಾರಕರು ಬಿಡುಗಡೆ ಮಾಡಿದ ಕೊನೆಯ ಆವೃತ್ತಿಗೆ ಏರಿಸಿದೆ. ಹಳೆಯ ಬಯಾಸ್ ಹೊಸ ಕಾರ್ಡನ್ನು ಗುರುತಿಸದೆ ಕಪ್ಪು ಪರದೆ ಕೊಡುವುದುಂಟು. ಆ ಕೆಲಸವನ್ನು ಇನ್ವರ್ಟರ್ ಚಾರ್ಜ್ ಪೂರ್ತಿ ಇದ್ದಾಗ ಮಾತ್ರ ಮಾಡಿದೆ. ಬಯಾಸ್ ಬರೆಯುವ ನಡುವೆ ಕರೆಂಟು ಹೋದರೆ ಕಾರ್ಡು ಹಾಕಲು ಯಂತ್ರವೇ ಉಳಿಯುವುದಿಲ್ಲ.

ಉದ್ದ ಬ್ರಾಕೆಟ್ ತೆಗೆದು ಗಿಡ್ಡದ್ದನ್ನು ಕಟ್ಟುವುದು ಹತ್ತು ನಿಮಿಷದ ಕೆಲಸ, ಆದರೆ ಅವಸರ ಮಾಡಬಾರದು. ಡಿವಿಐ ಕನೆಕ್ಟರಿನ ಎರಡು ಬದಿಗೆ ಷಟ್ಕೋನದ ಎರಡು ಪುಟ್ಟ ನಟ್ಟುಗಳಿರುತ್ತವೆ, ಬ್ರಾಕೆಟನ್ನು ಹಿಡಿದಿರುವುದು ಅವೇ. ಅವಕ್ಕೆ 5 ಮಿಲಿಮೀಟರಿನ ಪಾನಾ ಸರಿಹೋಗುತ್ತದೆ. ನನ್ನ ಹತ್ತಿರ ಇಲ್ಲದ್ದರಿಂದ ಮೂಗು ಚೂಪಿನ ಇಕ್ಕಳದ ತುದಿಗೆ ಬಟ್ಟೆ ಸುತ್ತಿ ತಿರುಗಿಸಿದೆ. ಎಡಗಡೆಯದು ಸಲೀಸಾಗಿ ಬಂತು. ಬಲಗಡೆಯದು ಬಿಗಿದುಕೊಂಡು, ಇಕ್ಕಳ ಒಮ್ಮೆ ಜಾರಿ ಎಚ್‌ಡಿಎಂಐ ಕಿಂಡಿಯ ಪಕ್ಕ ಕೂದಲೆಳೆಯ ಗೀರು ಬಿತ್ತು. ಹೊಸ ಬ್ರಾಕೆಟ್ ಕೂರಿಸಿ ಎರಡೂ ನಟ್ಟುಗಳನ್ನು ಮೊದಲು ಕೈಯಲ್ಲೇ ಅರ್ಧ ತಿರುಗಿಸಿ, ಕಿಂಡಿಗಳು ಸರಿಯಾಗಿ ಕಂಡ ಮೇಲೆ ಬಿಗಿ ಮಾಡಿದೆ.

ಪ್ಲಗ್ ಕಳಚಿ, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು, ಉಳಿದ ಕರೆಂಟೂ ಹರಿದುಹೋದ ಮೇಲೆ ಕಾರ್ಡನ್ನು ಕೂರಿಸಿದೆ. ಟಕ್ ಎಂಬ ಸದ್ದೂ ಬಂತು. ಚಾಲೂ ಮಾಡಿದರೆ ಕಾರ್ಡಿನ ಫ್ಯಾನು ತಿರುಗುತ್ತದೆ, ಟಿವಿಯಲ್ಲಿ ‘ಸಿಗ್ನಲ್ ಇಲ್ಲ’. ಮದರ್‌ಬೋರ್ಡಿನ ಡಿಸ್‌ಪ್ಲೇಪೋರ್ಟಿಗೆ ಚುಚ್ಚಿದರೆ ಚಿತ್ರ ಬರುತ್ತದೆ, ವಿಂಡೋಸಿನಲ್ಲಿ ಕಾರ್ಡಿನ ಸುಳಿವೇ ಇಲ್ಲ. ಬಯಾಸಿನಲ್ಲಿ ಇರುವ ಎಲ್ಲ ಆಯ್ಕೆಗಳನ್ನೂ ತಿರುವಿಹಾಕಿದೆ, ಬ್ಯಾಟರಿ ತೆಗೆದು ಹಾಕಿದೆ, ಕಾರ್ಡೇ ಸತ್ತಿದೆ ಎಂದು ತೀರ್ಮಾನಿಸಿ ಹಿಂದಕ್ಕೆ ಕಳಿಸುವ ಅರ್ಜಿಯನ್ನೂ ಅರ್ಧ ತುಂಬಿದೆ. ಎರಡು ಗಂಟೆ ಹೋಯಿತು.

ಕೊನೆಗೆ ಟಾರ್ಚ್ ಹಿಡಿದು ಕಾರ್ಡನ್ನು ಪಕ್ಕದಿಂದ ನೋಡಿದಾಗ ಅದರ ಒಳತುದಿ ಒಂದು ಅಕ್ಕಿಕಾಳಿನಷ್ಟು ಎತ್ತರದಲ್ಲಿತ್ತು. ಡಿಸ್ಕಿನ ಚಪ್ಪಟೆ ಸಾಟಾ ಕೇಬಲ್ ಕಾರ್ಡಿನ ಅಡಿಗೆ ಸಿಕ್ಕಿ ಮಲಗಿತ್ತು. ಸ್ಲಾಟಿನಲ್ಲಿ ಕರೆಂಟು ಬರುವ ಸಂಪರ್ಕಗಳು ಬ್ರಾಕೆಟ್ಟಿನ ಕಡೆಯ ಗಿಡ್ಡ ಭಾಗದಲ್ಲಿವೆ, ಮಾಹಿತಿ ಸಾಗುವ ಲೇನುಗಳು ನಡುವಿನ ಕಚ್ಚಿನಾಚೆ. ಬ್ರಾಕೆಟ್ ಕಡೆ ಪೂರ್ತಿ ಇಳಿದು ಒಳಗಡೆ ಎತ್ತಿಕೊಂಡಿದ್ದರಿಂದ ಫ್ಯಾನಿಗೆ ಕರೆಂಟು ಸಿಕ್ಕಿತ್ತು, ಮಾತುಕತೆ ನಡೆದಿರಲಿಲ್ಲ. ಕೇಬಲನ್ನು ಬದಿಗೆ ಸುತ್ತಿ ಮತ್ತೆ ಒತ್ತಿದೆ. ಈ ಸಲ ಬಂದ ಟಕ್ ಸದ್ದು ಮೊದಲಿನದಕ್ಕಿಂತ ಮಂದ್ರವಾಗಿತ್ತು, ಟಿವಿಯಲ್ಲಿ ಚಿತ್ರ ಮೂಡಿತು.

ಡ್ರೈವರ್ ಹಾಕಿದ್ದು ಹೇಳುವಂಥದ್ದಲ್ಲ. ಜಿಪಿಯು-ಜಡ್ ತಂತ್ರಾಂಶದಲ್ಲಿ ಕಾರ್ಡಿನ ಸಂಪರ್ಕ 4 ಲೇನು, ಅದೂ 1.1 ತಲೆಮಾರಿನ ವೇಗದಲ್ಲಿ ಎಂದು ಕಂಡು ಎದೆ ಧಸಕ್ಕೆಂದಿತು. ಅದು ಸುಮ್ಮನಿದ್ದಾಗ ಕರೆಂಟು ಉಳಿಸಲು ತಗ್ಗಿಸಿಕೊಂಡದ್ದು, ವಿಡಿಯೊ ಹಾಕಿದೊಡನೆ 3.0 ಆಯಿತು. ಜಿಟಿ 1030ಕ್ಕೆ ಇರುವುದೇ 4 ಲೇನು, ಉಳಿದ ಹಲ್ಲುಗಳು ಸ್ಲಾಟಿನಲ್ಲಿ ಗಟ್ಟಿ ಕೂರುವುದಕ್ಕೆ ಮಾತ್ರ. ಉಪನಯನದ ವಿಡಿಯೊ ಹಾಕಿ ಓ ಒತ್ತಿದೆ: ‘ಎಫ್‌ಎಫ್-ಎಚ್‌ಇವಿಸಿ-ಡಿಎಕ್ಸ್‌ವಿಎ2’, ಕಂಸದಲ್ಲಿ ‘ಎಚ್‌ಡಬ್ಲ್ಯು’. ಪ್ರೊಸೆಸರಿನ ಕೆಲಸ ನೂರರಿಂದ ಎಂಟಕ್ಕೆ ಇಳಿದಿತ್ತು.

ಟಿವಿಯೂ ಒಂದು ಪಾಲುದಾರ

ಚಿತ್ರ ಬಂದರೂ ಅಕ್ಷರಗಳ ಅಂಚು, ಅದರಲ್ಲೂ ಕೆಂಪು ಅಕ್ಷರಗಳದು, ಮಸುಕಾಗಿತ್ತು. ಕಾರ್ಡು 60 ಹರ್ಟ್ಸಿನಲ್ಲಿ ಬಣ್ಣದ ವಿವರವನ್ನು ಕಾಲುಭಾಗಕ್ಕೆ ಇಳಿಸಿ, ಅಂದರೆ 4:2:0 ರೂಪದಲ್ಲಿ ಕಳಿಸುತ್ತಿತ್ತು. ಕಾರಣ ಟಿವಿಯಲ್ಲಿತ್ತು: ಪ್ರತಿ ಎಚ್‌ಡಿಎಂಐ ಕಿಂಡಿಗೂ ಪೂರ್ಣ ವೇಗ ತೆರೆಯುವ ಒಂದು ಸೆಟ್ಟಿಂಗ್ ಇರುತ್ತದೆ, ಕಾರ್ಖಾನೆಯಿಂದ ಬರುವಾಗ ಅದು ಮುಚ್ಚಿರುತ್ತದೆ. ತೆರೆದೆ. ಅಕ್ಷರ ತಿಳಿಯಾಯಿತು, ಆದರೆ ಹತ್ತು ನಿಮಿಷಕ್ಕೊಮ್ಮೆ ಪರದೆ ಕಣ್ಣು ಮಿಟುಕಿಸಲು ತೊಡಗಿತು. ಹಳೆಯ ಸೆಟ್ ಟಾಪ್ ಬಾಕ್ಸಿನ ಜೊತೆ ಬಂದಿದ್ದ ಕೇಬಲಿಗೆ 18 ಗಿಗಾಬಿಟ್ ಹೊರುವ ತಾಕತ್ತಿರಲಿಲ್ಲ. ಪ್ರೀಮಿಯಂ ಹೈಸ್ಪೀಡ್ ಎಂದು ಪ್ರಮಾಣಿತವಾದ 2 ಮೀಟರಿನ ಕೇಬಲ್ ತಂದ ಮೇಲೆ ಮಿಟುಕು ನಿಂತಿತು.

ಇನ್ನು ನನಗೆ ಅತ್ಯಂತ ಖುಷಿ ಕೊಟ್ಟ ಭಾಗ. ಸಿನಿಮಾಗಳು ಸೆಕೆಂಡಿಗೆ 24 ಚಿತ್ರ ಎನ್ನುವುದು ರೂಢಿ, ಆದರೆ ಡಿಸ್ಕಿನಲ್ಲಿ ಬರುವವು ಬಹುತೇಕ 23.976. ಟಿವಿಯನ್ನು ನೇರ 24 ಹರ್ಟ್ಸಿಗೆ ಇಟ್ಟರೆ ಸುಮಾರು 42 ಸೆಕೆಂಡಿಗೊಮ್ಮೆ ಒಂದು ಚಿತ್ರ ಎರಡು ಸಲ ಕಾಣಬೇಕಾಗುತ್ತದೆ; ನಿಧಾನವಾಗಿ ಜರುಗುವ ದೃಶ್ಯದಲ್ಲಿ ಆ ತಡವರಿಕೆ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಬಿಡುವುದಿಲ್ಲ. ಎನ್‌ವಿಡಿಯಾ ಪಟ್ಟಿಯಲ್ಲಿ ‘23’ ಎಂದು ತೋರಿಸುವುದೇ 23.976. ನಮ್ಮ ಡಿವಿಡಿಗಳ ವಿಚಾರ ಬೇರೆ. ಭಾರತದ ಟಿವಿ ಪದ್ಧತಿ ಮೊದಲಿನಿಂದಲೂ 50 ಹರ್ಟ್ಸಿನದು. ಯಕ್ಷಗಾನದ ಡಿವಿಡಿಗಳಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದೂ ಸಾಲು ಬಿಟ್ಟು ಸಾಲು ಹೆಣೆದ ಎರಡು ಅರ್ಧಚಿತ್ರ, ಒಟ್ಟು 50. ಅದನ್ನು 60 ಹರ್ಟ್ಸಿನ ಪರದೆಯಲ್ಲಿ ತೋರಿಸಿದರೆ ಲೆಕ್ಕ ಕೂಡುವುದಿಲ್ಲ. ಬಡಗುತಿಟ್ಟಿನ ವೇಷಧಾರಿ ಮಂಡಿ ಹಾಕಿ ಸುತ್ತುವಾಗ ಸುತ್ತು ಒಂದೇ ಸಮ ಬರದೆ ಅಲ್ಲಲ್ಲಿ ಮುಗ್ಗರಿಸಿದಂತೆ ಕಾಣುತ್ತದೆ. ಇಷ್ಟು ವರ್ಷ ನಾವು ಅದನ್ನು ಹಳೆಯ ರೆಕಾರ್ಡಿಂಗಿನ ದೋಷವೆಂದೇ ತಿಳಿದಿದ್ದೆವು.

ಕೋಡಿಯಲ್ಲಿ ಪರದೆಯ ರಿಫ್ರೆಶ್ ದರವನ್ನು ವಿಡಿಯೊಗೆ ತಕ್ಕಂತೆ ಬದಲಿಸುವ ಆಯ್ಕೆಯನ್ನು ತೆರೆದು, ಅನುಮತಿಸಿದ ದರಗಳ ಪಟ್ಟಿಯಲ್ಲಿ 4ಕೆ ಅಳತೆಯ 23.976, 24, 50, 59.94, 60 ಇವನ್ನು ಗುರುತಿಸಿದೆ. 25 ಅನ್ನು ಬೇಕೆಂದೇ ಬಿಟ್ಟೆ, ಆಗ ಡಿವಿಡಿಗಳಿಗೆ ಕೋಡಿ ಅದರ ಎರಡರಷ್ಟಾದ 50ನ್ನೇ ಹಿಡಿಯುತ್ತದೆ. ಹೆಣೆದ ಸಾಲುಗಳನ್ನು ಬಿಚ್ಚುವ ಕೆಲಸವನ್ನು ಕಾರ್ಡಿಗೆ ವಹಿಸಿದೆ. ಅಪ್ಪಯ್ಯನಿಗೆ ಏನೂ ಹೇಳದೆ ಒಂದು ಹಳೆಯ ಪ್ರಸಂಗ ಹಾಕಿ ಮಂಡಿಯ ಜಾಗಕ್ಕೆ ಒಯ್ದೆ. ಅವರು ಮುಂದಕ್ಕೆ ಬಾಗಿ ನೋಡಿ, “ಈಗ ಸಮಾ ಆತು” ಎಂದರು.

ಹೊಂದದೇ ಉಳಿದದ್ದು

ಪೆನ್‌ಡ್ರೈವಿನ ಮೂಲ ತುಣುಕುಗಳು ಆಮೇಲೂ ಓಡಲಿಲ್ಲ. ಎಚ್‌ಇವಿಸಿಯೇ, 10 ಬಿಟ್ಟೇ, ಆದರೂ ಓ ಒತ್ತಿದರೆ ‘ಎಸ್‌ಡಬ್ಲ್ಯು’. ಅರ್ಧ ದಿನ ಡ್ರೈವರನ್ನು ಬೈದ ಮೇಲೆ ಕಡತದ ವಿವರ ತೆಗೆದು ನೋಡಿದೆ: 4:2:2. ವೃತ್ತಿಪರ ಕ್ಯಾಮೆರಾಗಳು ಬಣ್ಣವನ್ನು ತಿದ್ದಲು ಅನುಕೂಲವಾಗಲೆಂದು ಹೆಚ್ಚು ವಿವರದೊಂದಿಗೆ ಹೀಗೆ ದಾಖಲಿಸುತ್ತವೆ. ಪ್ಯಾಸ್ಕಲ್ ಕಾರ್ಡುಗಳು ಬಿಡಿಸುವುದು 4:2:0 ಎಚ್‌ಇವಿಸಿಯನ್ನು ಮಾತ್ರ. ಸಂಕಲನ ಮುಗಿಸಿ ಕೊಟ್ಟ ಕಡತ 4:2:0 ಆದ್ದರಿಂದ ಅದು ಓಡಿತ್ತು. ಜಿಟಿ 1030ರಲ್ಲಿ ವಿಡಿಯೊ ಅಡಕ ಮಾಡುವ ಸರ್ಕೀಟೂ ಇಲ್ಲವಾದ್ದರಿಂದ ತುಣುಕುಗಳನ್ನು ಪ್ರೊಸೆಸರಿನಲ್ಲೇ ಬದಲಿಸಬೇಕಾಯಿತು. ನಾಲ್ಕು ನಿಮಿಷದ ಒಂದು ತುಣುಕಿಗೆ ಒಂದು ಗಂಟೆಯ ಮೇಲೆ ಹಿಡಿಯಿತು. ಇದ್ದ ಹನ್ನೊಂದನ್ನೂ ರಾತ್ರಿ ಹಚ್ಚಿಟ್ಟು ಮಲಗಿದೆ.

ಯೂಟ್ಯೂಬಿನಲ್ಲಿ ಕೆಲವು ವಿಡಿಯೊಗಳು ಎವಿ1 ರೂಪದಲ್ಲಿ ಬಂದು ಪ್ರೊಸೆಸರನ್ನು ಬಿಸಿ ಮಾಡುತ್ತಿದ್ದವು. ಬ್ರೌಸರಿನಲ್ಲಿ ಎವಿ1 ತಡೆಯುವ ಸಣ್ಣ ಎಕ್ಸ್‌ಟೆನ್ಷನ್ ಹಾಕಿದರೆ ವಿಪಿ9 ಬರುತ್ತದೆ. ನಾನು ಅಷ್ಟು ತಲೆಕೆಡಿಸಿಕೊಳ್ಳದೆ ಯೂಟ್ಯೂಬನ್ನು ಟಿವಿಯ ಆ್ಯಪಿಗೇ ಬಿಟ್ಟೆ. ಧ್ವನಿಯ ವಿಚಾರದಲ್ಲಿ ನಮ್ಮದು ಸಾಧಾರಣ ಸೌಂಡ್‌ಬಾರ್, ಕಾರ್ಡು ಕೊಡುವುದರಲ್ಲಿ ಅರ್ಧವೂ ಅದಕ್ಕೆ ಬೇಕಿಲ್ಲ.

ಫ್ಯಾನಿನ ಸದ್ದು ಮಾತ್ರ ಒಂದು ವಾರ ಕಾಡಿತು. ದೊಡ್ಡ ಸದ್ದಲ್ಲ, ದೂರದ ಜೀರುಂಡೆಯಂಥ ಸಣ್ಣ ಗುಂಯ್‌ಗುಡುವಿಕೆ. ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ 60 ಡಿಗ್ರಿಯವರೆಗೆ ಫ್ಯಾನು ಕನಿಷ್ಠ ವೇಗದಲ್ಲೇ ಇರುವಂತೆ ಗೆರೆ ಎಳೆದೆ. ಎರಡೂವರೆ ಗಂಟೆಯ 4ಕೆ ಸಿನಿಮಾ ಮುಗಿಯುವಾಗ ಕಾರ್ಡು 54 ಡಿಗ್ರಿ ತೋರಿಸಿತು, ಅದೂ ಮಳೆಗಾಲದ ತಂಪಿನಲ್ಲಿ; ಮುಂದಿನ ಏಪ್ರಿಲಿನಲ್ಲಿ 61 ಆಯಿತು. ಗೋಡೆಯ ಪ್ಲಗ್ಗಿಗೆ ಮೀಟರ್ ಹಾಕಿ ನೋಡಿದರೆ ಅದೇ ಉಪನಯನದ ವಿಡಿಯೊಗೆ ಮೊದಲು 88 ವ್ಯಾಟ್ ಎಳೆಯುತ್ತಿದ್ದ ಇಡೀ ಯಂತ್ರ ಈಗ 52ರಲ್ಲಿ ನಿಂತಿತ್ತು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, ಐ5-3470ಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ. ಪ್ಯಾಸ್ಕಲ್ ಕಾರ್ಡುಗಳಿಗೂ 580 ಸರಣಿಯ ಡ್ರೈವರೇ ಕೊನೆಯದೆಂದು ಎನ್‌ವಿಡಿಯಾ ಹೇಳಿದೆ. ಬೇರೊಂದು ಸಣ್ಣ ಎಸ್‌ಎಸ್‌ಡಿಗೆ ಲಿಬ್ರೆಎಲೆಕ್ ಎಂಬ, ಕೋಡಿ ಓಡಿಸಲೆಂದೇ ಇರುವ ಲಿನಕ್ಸ್ ವ್ಯವಸ್ಥೆ ಹಾಕಿ ನೋಡಿದೆ. ಅದರ ಸಾಮಾನ್ಯ ಆವೃತ್ತಿ ಇಂಟೆಲ್ ಮತ್ತು ಎಎಂಡಿ ಗ್ರಾಫಿಕ್ಸಿಗೆ; ಎನ್‌ವಿಡಿಯಾ ಕಾರ್ಡಿದ್ದವರು ‘ಜೆನೆರಿಕ್ ಲೆಗಸಿ’ ಎಂಬ ಆವೃತ್ತಿ ಇಳಿಸಿಕೊಳ್ಳಬೇಕು. ಯಕ್ಷಗಾನ ಅದರಲ್ಲಿ ಚೆನ್ನಾಗಿಯೇ ಓಡುತ್ತದೆ, ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ಎಚ್‌ಡಿಆರ್ ಚಿತ್ರ ಮಾತ್ರ ಟಿವಿಗೆ ತಲುಪುವುದಿಲ್ಲ. ಆದ್ದರಿಂದ ವಿಂಡೋಸ್ ಡಿಸ್ಕೇ ಯಂತ್ರದಲ್ಲಿದೆ. ಅದರ ಲ್ಯಾನ್ ಕೇಬಲ್ಲನ್ನು ಕಳಚಿ ಸುತ್ತಿ, ಜಿಟಿ 710ರ ಡಬ್ಬಿಯಲ್ಲಿ ಇಟ್ಟಿದ್ದೇನೆ.